ಶ್ರೀಕಂಠನ ಗಾಲಿಮನೆ, ಅಮ್ಮನ ರುಬ್ಬುವ ಕಲ್ಲು

ವಿಮಾನ ನಿಲ್ದಾಣ

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಒಂದು ಜಲಪಾತವನ್ನಾದರೂ ನೋಡಿ ಬಂದಿರುತ್ತಾರೆ. ನಾನು ನೋಡಲಿಲ್ಲ. ಎರಡೂವರೆ ತಿಂಗಳು ಸ್ಯಾನ್ ಫ್ರಾನ್ಸಿಸ್ಕೋದ ಸಮೀಪದಲ್ಲೇ ಇದ್ದು, ಆ ಊರಿನ ಹೆಸರಾಂತ ಕೆಂಪು ಸೇತುವೆಯನ್ನು ಬಿಸ್ಕತ್ತಿನ ಡಬ್ಬದ ಮುಚ್ಚಳದ ಮೇಲೆ ಮಾತ್ರ ದರ್ಶನ ಮಾಡಿ ಹಿಂದಿರುಗಿದವನು ನಾನು. ಆದರೂ ಪ್ರವಾಸದ ಬಗ್ಗೆ ಬರೆಯುವ ಅಧಿಕಾರ ನನಗಿದೆಯೆಂದು ನಮ್ರವಾಗಿ ತಿಳಿಸುತ್ತೇನೆ. ಹೊರಡುವುದು ಎಷ್ಟು ಕಷ್ಟ ಎಂಬುದನ್ನು ನನ್ನಷ್ಟು ಹತ್ತಿರದಿಂದ ಕಂಡವರು ಕಡಿಮೆ.

ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಮೈಸೂರು ಸೀಮೆಯ ತಕ್ಕಡಿಗಳನ್ನೆಲ್ಲ ಗದರಿಸಿ ನಿವೃತ್ತನಾದವನು ನಾನು. ನಮ್ಮ ಅಮ್ಮ ತೀರಿಕೊಂಡು ವರ್ಷ ತುಂಬಿ, ಅದರ ಕರ್ಮಾಂತರಗಳೆಲ್ಲ ಮುಗಿದ ಮೇಲೆ ಸನ್ನಿವೇಲ್‌ನಲ್ಲಿದ್ದ ತಂಗಿ ವತ್ಸಲಾಳನ್ನು ನೋಡಲು ಹೊರಟೆ. ಅಮ್ಮನ ಒಡವೆಯಲ್ಲಿ, ಸೀರೆಯಲ್ಲಿ ನಿನಗೇನು ಬೇಕು ಎಂದು ಕಾಗದ ಬರೆದು ಕೇಳಿದ್ದೆ. ಒಂದೇ ಸಾಲಿನ ಉತ್ತರ ಬಂದಿತ್ತು: ಅಮ್ಮನ ರುಬ್ಬುವ ಕಲ್ಲು ತಾ.

ಅದನ್ನೇ ತಂದೆ. ಕಲ್ಲು ಇಪ್ಪತ್ತೆರಡು ಕಿಲೋ, ಗುಂಡು ಆರು. ಹಳೆಯ ಆಫೀಸಿಗೆ ಹೋಗಿ ಸರ್ಕಾರಿ ತಕ್ಕಡಿಯಲ್ಲೇ ತೂಗಿಸಿದ್ದೆ. ನನ್ನ ಎರಡು ಸೂಟ್‌ಕೇಸುಗಳಲ್ಲಿ ಒಂದು ಪೂರ್ತಿ ಕಲ್ಲಿಗೆ, ಇನ್ನೊಂದು ನನಗೆ. ಕಸ್ಟಮ್ಸಿನ ಅಧಿಕಾರಿ ಮುಚ್ಚಳ ತೆಗೆದು, ಅಮ್ಮನ ಹಳೆಯ ಸೀರೆ ಸುತ್ತಿದ್ದ ಕಲ್ಲನ್ನು ನೋಡಿ, ಬೆರಳಿನ ಗೆಣ್ಣಿನಿಂದ ತಟ್ಟಿ, ಇನ್ನಿಬ್ಬರನ್ನು ಕರೆದ. ಮೂವರೂ ಸೇರಿ ಅದರ ಕುಳಿಯೊಳಗೆ ದೀಪ ಬಿಟ್ಟು ನೋಡಿದರು. ಇದು ನಿಮ್ಮ ದೇವರೇ ಎಂದು ಒಬ್ಬ ಬಹಳ ಗೌರವದಿಂದ ಕೇಳಿದ. ಅಲ್ಲ, ದೋಸೆ ಎಂದೆ. ಅವನು ಅದನ್ನು ಬರೆದುಕೊಂಡ.

ಸನ್ನಿವೇಲ್

ವತ್ಸಲಾ ಬಾಗಿಲಿಗೆ ಬಂದಳು. ನನ್ನ ಮುಖ ನೋಡುವ ಮೊದಲು ಆ ಸೂಟ್‌ಕೇಸನ್ನು ನೋಡಿದಳು. ಅಡುಗೆಮನೆಯಲ್ಲಿ ಅದನ್ನು ಬಿಚ್ಚಿ, ಕಲ್ಲಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕುಳಿತು, ಆಮೇಲೆ ಪ್ರಯಾಣ ಹೇಗಾಯಿತು ಅಣ್ಣ ಎಂದು ಕೇಳಿದಳು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು ಎಂದು ನನಗೆ ನಾಲ್ಕು ದಿನಗಳಲ್ಲಿ ತಿಳಿಯಿತು.

ಅವಳು ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ದಿನಸಿ, ತರಕಾರಿ ಎಲ್ಲ ಅವಳ ಗಂಡ ಶ್ರೀಕಂಠನೇ ತರುತ್ತಿದ್ದ. ಹತ್ತು ನಿಮಿಷದ ದಾರಿಯ ದೇವಸ್ಥಾನಕ್ಕೂ ಅವನೊಬ್ಬನೇ ಹೋಗಿ ಕುಂಕುಮ ತರುತ್ತಿದ್ದ. ಯಾರಾದರೂ ಕರೆದರೆ, ಹೊರಗಿನ ಊಟ ನನಗೆ ಒಗ್ಗುವುದಿಲ್ಲ ಎನ್ನುತ್ತಿದ್ದಳು. ಮನೆಯಲ್ಲಿ ಇಬ್ಬರೇ. ಮಾತಿಗೆ ಟೆಲಿವಿಷನ್ನು ಒಂದಿತ್ತು. ಅದೂ ತನ್ನ ಪಾಡಿಗೆ ಮಾತಾಡಿಕೊಳ್ಳುತ್ತಿತ್ತು.

ನಮ್ಮಲ್ಲಿ ಗಂಡಸರು ಮನೆಯ ದುಃಖವನ್ನು ಜಗಲಿಯ ಮೇಲೆ ಹೇಳಿಕೊಳ್ಳುತ್ತೇವೆ. ಅಲ್ಲಿ ಅದಕ್ಕೆಂದೇ ಗ್ಯಾರೇಜು ಕಟ್ಟಿಸಿರುತ್ತಾರೆ. ಬಟ್ಟೆ ಒಗೆಯುವ ಯಂತ್ರಕ್ಕೆ ಒರಗಿಕೊಂಡು ಶ್ರೀಕಂಠ ತನ್ನ ಯೋಜನೆಯನ್ನು ವಿವರಿಸಿದ. ಅವನು ಒಳ್ಳೆಯ ಎಂಜಿನಿಯರು. ಒಳ್ಳೆಯ ಎಂಜಿನಿಯರಿಗೆ ಸಮಸ್ಯೆ ಯಾವುದೆಂದು ಹೇಳಿಬಿಟ್ಟರೆ ಅದೇ ಸಮಸ್ಯೆಯೇ ಎಂದು ಅವನು ಕೇಳುವುದಿಲ್ಲ. ಹೆಂಡತಿ ಹೊರಗೆ ಉಣ್ಣುವುದಿಲ್ಲ. ಆದ್ದರಿಂದ ಹೊರಗೆ ಬರುವುದಿಲ್ಲ. ಆದ್ದರಿಂದ ಅಡುಗೆಮನೆಯೇ ಅವಳ ಜೊತೆ ಬರಬೇಕು. ಕಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಸಣ್ಣ ಮನೆಗಳು ಆ ದೇಶದಲ್ಲಿ ಸಿಗುತ್ತವೆ. ಒಲೆ, ಹಾಸಿಗೆ, ನೀರಿನ ತೊಟ್ಟಿ ಎಲ್ಲ ಒಳಗೇ. ಟ್ರೇಲರು ಎನ್ನುತ್ತಾರೆ. ಅಂಥದೊಂದನ್ನು ಕೊಂಡು, ನಾನು ಇರುವಾಗಲೇ ಅವಳನ್ನು ಉತ್ತರದ ದೊಡ್ಡ ಮರಗಳ ಕಾಡಿಗೆ ಕರೆದೊಯ್ಯಬೇಕು.

"ನೀವು ಕರೆದ್ರೆ ಬರ್ತಾಳೆ ಭಾವ," ಎಂದ ಶ್ರೀಕಂಠ. "ಈಗ ಬರ್ಲಿಲ್ಲ ಅಂದ್ರೆ ಇನ್ನು ಬರೋದೇ ಇಲ್ಲ. ನನಗೆ ಭಯ ಆಗುತ್ತೆ."

ಈ ಕೊನೆಯ ಮಾತನ್ನು ಅವನು ಬಟ್ಟೆಯ ಯಂತ್ರಕ್ಕೆ ಹೇಳಿದ.

ನನಗೆ ವಹಿಸಿದ ಖಾತೆ ತೂಕ. ಅವರದು ಪುಟ್ಟ ಜಪಾನಿ ಕಾರು. ಎರಡು ಸಾವಿರ ಪೌಂಡಿಗಿಂತ ಹೆಚ್ಚು ಭಾರ ಎಳೆಯಕೂಡದೆಂದು ಅದರ ಪುಸ್ತಕದಲ್ಲೇ ಬರೆದಿತ್ತು. ಪೌಂಡನ್ನು ನೋಡಿ ನನಗೆ ರೋಮಾಂಚನವಾಯಿತು. ನಮ್ಮ ಇಲಾಖೆ ಅಂಗಡಿ ಅಂಗಡಿ ಹೊಕ್ಕು ಜಪ್ತಿ ಮಾಡಿ ಕರಗಿಸಿದ ಪೌಂಡು ಇಲ್ಲಿ ತಲೆಯೆತ್ತಿ ಓಡಾಡುತ್ತಿತ್ತು. ಯಾರೂ ದಂಡ ಹಾಕುವವರಿರಲಿಲ್ಲ.

ಹೇವರ್ಡ್

ಮುಂದಿನ ಮೂರು ಶನಿವಾರ ನಾವಿಬ್ಬರೂ ಹೇವರ್ಡ್‌ನ ಗೋದಾಮುಗಳ ನಡುವೆ, ದನಗಳ ಜಾತ್ರೆಯಲ್ಲಿ ಎತ್ತು ನೋಡುವವರ ಹಾಗೆ, ಟ್ರೇಲರುಗಳ ಹಲ್ಲು ಹಿಡಿದು ನೋಡುತ್ತ ಅಲೆದೆವು. ವತ್ಸಲಾ ಬರಲಿಲ್ಲ. ಆದರೆ ಅವಳ ಪ್ರಶ್ನೆಗಳ ಪಟ್ಟಿ ನನ್ನ ಜೇಬಿನಲ್ಲಿತ್ತು.

ಮೊದಲು ನೋಡಿದ್ದು ನಮ್ಮ ಮೈಸೂರಿನ ಮನೆಗಿಂತ ಉದ್ದವಾಗಿತ್ತು. ಮಾರಾಟದವನು ಹೆಮ್ಮೆಯಿಂದ ಒಲೆಯ ಪಕ್ಕದ ಬಾಗಿಲು ತೆರೆದು ಪಾಯಿಖಾನೆ ತೋರಿಸಿದ. ಒಲೆಗೂ ಅದಕ್ಕೂ ನಡುವೆ ಕೈಬೆರಳಿನಷ್ಟು ದಪ್ಪದ ಹಲಗೆ. ಪಟ್ಟಿಯ ಮೊದಲನೆಯ ಪ್ರಶ್ನೆಯೇ ಅದಾಗಿತ್ತು. ನಾವು ಕೈಮುಗಿದು ಇಳಿದೆವು. ಎರಡನೆಯದು ಮಡಿಸುವ ಜಾತಿ. ತೂಕದಲ್ಲಿ ಹೂವು. ಆದರೆ ಗೋಡೆಯೆಲ್ಲ ಡೇರೆಯ ಬಟ್ಟೆ, ಒಲೆಯನ್ನು ಹೊರಗೆ ಬೀದಿಗೆ ನೇತುಹಾಕಿ ಬೇಯಿಸಬೇಕು. ವತ್ಸಲಾ ಬೀದಿಯಲ್ಲಿ ನಿಂತು ಸಾರು ಕುದಿಸುವ ಚಿತ್ರ ನಮ್ಮಿಬ್ಬರ ಕಣ್ಣಿಗೂ ಬಂದು, ಇಬ್ಬರೂ ಬೇಗಬೇಗನೆ ಕಾರು ಹತ್ತಿದೆವು. ಮೊದಲ ಸಲ ಕೊಳ್ಳುವವರೇ ಎಂದು ಎಲ್ಲರೂ ಕೇಳುತ್ತಿದ್ದರು. ಹೌದೆಂದ ಕೂಡಲೇ ಅವರ ಮುಖದಲ್ಲಿ ವೈದ್ಯರ ಕನಿಕರ ಮೂಡುತ್ತಿತ್ತು.

ಮೂರನೆಯ ಶನಿವಾರ, ಪತ್ರಿಕೆಯ ಜಾಹೀರಾತು ನೋಡಿ, ಮಿಸೆಸ್ ಹಾರ್ಪರ್ ಎಂಬ ವಿಧವೆಯ ಮನೆಗೆ ಹೋದೆವು. ಹಿತ್ತಿಲಲ್ಲಿ ಬಿಳಿಯ, ದುಂಡನೆಯ, ಪುಟ್ಟ ಟ್ರೇಲರು. ಇದನ್ನು ನಾವು ಮೊಟ್ಟೆ ಎಂದು ಕರೆಯುತ್ತಿದ್ದೆವು ಎಂದು ಆಕೆ ಪ್ರೀತಿಯಿಂದ ಹೇಳಿದರು. ಮೊಟ್ಟೆ ಮುಟ್ಟದ ಮನೆತನದ ಶ್ರೀಕಂಠ ನನ್ನ ಮುಖ ನೋಡಿದ. ಈ ಸಂಗತಿಯನ್ನು ವತ್ಸಲಾಳಿಗೆ ತಿಳಿಸತಕ್ಕದ್ದಲ್ಲವೆಂದು ಅಲ್ಲೇ ನಿರ್ಣಯವಾಯಿತು.

ಪಾಯಿಖಾನೆಯೇ ಇಲ್ಲ. ಒಲೆ ಹಿಂದುಗಡೆ, ಹಾಸಿಗೆ ನಡುವೆ, ಮುಂದುಗಡೆ ಒಂದು ಅಗಲವಾದ ಕಪಾಟು. ಆಕೆಯ ಗಂಡ ಬದುಕಿರುವಾಗ ಇಬ್ಬರೂ ಅದರಲ್ಲಿ ಹತ್ತೊಂಬತ್ತು ರಾಜ್ಯ ಸುತ್ತಿದ್ದರಂತೆ. ಆಕೆಗೆ ಎಳೆದುಕೊಂಡು ಹೋಗಲು ಬಾರದು. ಅದಕ್ಕೇ ಮಾರುತ್ತಿದ್ದರು. ಹಿಂದೆ ಭಾರ ಹಾಕಬೇಡಿ, ಭಾರವೆಲ್ಲ ಮುಂದೆ ಎಂದು ಎರಡು ಸಲ ಹೇಳಿದರು. ಗಂಡನ ಕೈಬರಹದ ಒಂದು ರಟ್ಟು ಮುಂದಿನ ಕಪಾಟಿನ ಒಳಗೋಡೆಗೆ ಅಂಟಿತ್ತು. ಅದನ್ನು ದಯವಿಟ್ಟು ಕೀಳಬೇಡಿ ಎಂದರು. ಖಂಡಿತ ಕೀಳುವುದಿಲ್ಲವೆಂದು ನಾವು ಮಾತು ಕೊಟ್ಟೆವು. ಮಾತನ್ನು ಉಳಿಸಿಕೊಂಡೆವು ಕೂಡ.

ನಾನು ಕನ್ನಡಕ ಹಾಕಿಕೊಂಡು ಬಾಗಿಲ ಬಳಿಯ ತಗಡಿನ ಫಲಕ ಓದಿದೆ. ಸಾವಿರದ ನಾನ್ನೂರ ಐವತ್ತು ಪೌಂಡು. ಮಿತಿಗಿಂತ ಐನೂರೈವತ್ತು ಕಡಿಮೆ. ನಾನು ಎದೆಯುಬ್ಬಿಸಿ, ಇದು ಕಾನೂನುಬದ್ಧ ಎಂದು ಘೋಷಿಸಿದೆ. ಶ್ರೀಕಂಠನ ಕಣ್ಣಲ್ಲಿ ನೀರು ಬಂತು. ಮಿಸೆಸ್ ಹಾರ್ಪರ್‌ಗೂ ಬಂತು. ಅವರಿಬ್ಬರ ಕಾರಣ ಬೇರೆ ಬೇರೆ.

ಸಾಮಾನು ತುಂಬಿದ ದಿನ

ವತ್ಸಲಾ ಬರಲೊಪ್ಪಿದಳು. ನಾನು ಕೇಳಿದ್ದಕ್ಕೆ ಒಪ್ಪಿದಳು ಎಂದುಕೊಂಡೆ. ನಾಲ್ಕು ದಿನದ ರಜೆ, ಕಾಡಿನಲ್ಲಿ ಟ್ರೇಲರು ನಿಲ್ಲಿಸಲು ಜಾಗ, ಎಲ್ಲ ಗೊತ್ತಾಯಿತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವಳು ಟ್ರೇಲರನ್ನು ಮೂರು ಸಲ ತೊಳೆದು, ಮುಂದಿನ ಕಪಾಟನ್ನು ನೋಡಿ, ದೇವರಿಗೆ ಇದೇ ಸರಿ ಎಂದಳು. ಯಾರ ಕಾಲೂ ತಾಗದ ಜಾಗ, ಒಲೆಯ ಎಂಜಲು ಮುಸುರೆಗೆ ದೂರ. ಅಲ್ಲಿ ಸಾಲಿಗ್ರಾಮದ ಪೆಟ್ಟಿಗೆ ಬಂತು. ಗೋಡೆಗೆ ಕ್ಯಾಲೆಂಡರಿನ ವೆಂಕಟರಮಣಸ್ವಾಮಿ ಬಂದ. ಸ್ವಾಮಿಯ ಹಿಂದೆ ಒಂದು ರಟ್ಟು ಇತ್ತು. ನಾವು ಕೀಳಲಿಲ್ಲ. ಅದರ ಮೇಲೆಯೇ ಅಂಟಿಸಿದೆವು.

ದೇವರಿರುವ ಕಪಾಟಿನಲ್ಲಿ, ಅದರ ಕೆಳಗೆ, ಅದರ ಆಸುಪಾಸಿನಲ್ಲಿ ಬೇರೆ ಸಾಮಾನು ಇಡುವ ಮಾತೇ ಇಲ್ಲ. ಎಲ್ಲ ಹಿಂದಕ್ಕೆ ಹೋಯಿತು. ಅಕ್ಕಿಯ ಚೀಲ, ಉದ್ದಿನಬೇಳೆ, ತೊಗರಿಬೇಳೆ, ಎರಡು ಭರಣಿ ಉಪ್ಪಿನಕಾಯಿ, ಕುಕ್ಕರು, ಕಬ್ಬಿಣದ ಕಾವಲಿ, ಕಾಡಿನ ನೀರು ಹೇಗಿರುತ್ತದೋ ಎಂದು ಕಂಠಮಟ್ಟ ತುಂಬಿಸಿದ ತೊಟ್ಟಿ, ತೊಟ್ಟಿಯ ನೀರು ಹೇಗಿರುತ್ತದೋ ಎಂದು ಆರು ಬಿಂದಿಗೆ. ಕಡೆಯದಾಗಿ, ಹಿಂಬದಿಯ ಗೋಡೆಗೆ ಒತ್ತಿ, ಅಮ್ಮನ ರುಬ್ಬುವ ಕಲ್ಲು. ಅದನ್ನು ಬಿಟ್ಟು ನಾಲ್ಕು ದಿನ ಇರುವುದಾದರೆ ನಾನು ಬರುವುದಿಲ್ಲವೆಂದಳು. ನಾವು ಗಂಡಸರಿಬ್ಬರೂ ಉತ್ಸಾಹದಿಂದ ಹೊತ್ತೆವು. ಇಷ್ಟು ಸಾಮಾನು ಕಟ್ಟಿದವಳು ನಾಲ್ಕು ದಿನದಲ್ಲಿ ನಾಲ್ಕು ಮಾತಾದರೂ ಆಡಿಯಾಳು ಎಂದು ಶ್ರೀಕಂಠ ನನ್ನ ಕಿವಿಯಲ್ಲಿ ಹೇಳಿದ.

ಮಿಠಾಯಿಯ ಜೊತೆಗೆ ಡಬ್ಬಿಯನ್ನೂ ತೂಗಿದ ಅಂಗಡಿಯವರಿಗೆ ನನ್ನ ಸೇವಾವಧಿಯಲ್ಲಿ ದಂಡ ಹಾಕುತ್ತಲೇ ಬಂದವನು ನಾನು. ಈಗ ಬರಿಯ ಡಬ್ಬಿಯ ತೂಕ ಓದಿ, ಮಿಠಾಯಿಯನ್ನು ಲೆಕ್ಕಕ್ಕೆ ಹಿಡಿಯದೆ, ತೃಪ್ತನಾಗಿ ಮಲಗಿದೆ. ಇದಕ್ಕೆ ಇಲಾಖೆಯ ಯಾವ ಕಲಮಿನಲ್ಲೂ ಶಿಕ್ಷೆಯಿಲ್ಲ. ಯಾಕೆಂದರೆ ಇಷ್ಟು ದಡ್ಡತನವನ್ನು ಕಾನೂನು ಮಾಡಿದವರು ಊಹಿಸಿರಲಿಲ್ಲ.

ಮತ್ತೆ ಹೇವರ್ಡ್

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ವತ್ಸಲಾ ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ ಕಾರು ಹತ್ತಿದಳು. ಹಸಿರು ಸೀರೆ ಉಟ್ಟಿದ್ದಳು. ಫ್ರೀವೇ ಎಂಬ ಅವರ ಹೆದ್ದಾರಿ ಹತ್ತುವವರೆಗೆ ಎಲ್ಲವೂ ಸೊಗಸಾಗಿತ್ತು.

ಆಮೇಲೆ ಹಿಂದಿನಿಂದ ಯಾರೋ ಕಾರಿನ ಬಾಲ ಹಿಡಿದು ಜಗ್ಗಿದ ಹಾಗಾಯಿತು. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ. ತಿರುಗಿ ನೋಡಿದರೆ ನಮ್ಮ ಟ್ರೇಲರು, ದಸರೆಯ ಆನೆ ಜನ ನೋಡಿ ಅಡ್ಡಾದಿಡ್ಡಿ ಹೆಜ್ಜೆ ಹಾಕಿದಂತೆ, ಎರಡು ಸಾಲು ರಸ್ತೆಯನ್ನು ತನಗೇ ಬರೆಸಿಕೊಂಡು ಬರುತ್ತಿತ್ತು. ಅಕ್ಕಪಕ್ಕದ ಕಾರುಗಳವರು ಹಾರನ್ನು ಮಾಡಲಿಲ್ಲ. ಸದ್ದಿಲ್ಲದೆ ದೂರ ಸರಿದರು. ಅದು ಇನ್ನೂ ಭಯಂಕರ. ಹೇಗೋ ನಿಧಾನಿಸಿ ಹೇವರ್ಡ್‌ನ ಕಡೆಗೆ ಇಳಿದು, ಗೋದಾಮುಗಳ ಬೀದಿಯಲ್ಲಿ ನಿಂತೆವು. ಎದುರಿಗೆ ಲಾರಿಗಳನ್ನು ತೂಗುವ ಕಟ್ಟೆ.

ಅಂಥ ಸುಂದರವಾದ ತೂಕದ ಕಟ್ಟೆಯನ್ನು ನಾನು ನೋಡಿರಲಿಲ್ಲ. ಮುದ್ರೆ, ತಪಾಸಣೆಯ ಚೀಟಿ, ಎಲ್ಲ ಇರಬೇಕಾದಲ್ಲಿ ಇತ್ತು. ಮುಳ್ಳು ಕೂದಲೆಳೆಯಷ್ಟೂ ತಡವರಿಸಲಿಲ್ಲ. ಗಾಜಿನ ಕೋಣೆಯಲ್ಲಿದ್ದ ದಪ್ಪನೆಯ ಗುಮಾಸ್ತ ಟ್ರೇಲರನ್ನು ಬಿಡಿಸಿ ತೂಗಿ, ಚೀಟಿ ಹರಿದು ಕೊಟ್ಟ. ಎರಡು ಸಾವಿರದ ಐನೂರ ಎಂಬತ್ತು ಪೌಂಡು.

ಅವನೇ ಎದ್ದು ಬಂದು, ಕಾರಿಗೆ ಕಟ್ಟುವ ಮೂತಿಯನ್ನು ಎತ್ತಿ ನೋಡು ಎಂದ. ಶ್ರೀಕಂಠ ಬಗ್ಗಿದ. ಅದು ಒಂದೇ ಕೈಗೆ, ತೊಟ್ಟಿಲಿನ ಹಾಗೆ ಎದ್ದು ಬಂತು. ಹಿಂದೆ ಅಷ್ಟು ಭಾರ, ಮುಂದೆ ಏನೂ ಇಲ್ಲ, ಇದು ಕುಣಿಯದೆ ಇನ್ನೇನು ಮಾಡೀತು ಎಂದ ಗುಮಾಸ್ತ. ನಿಮಗೆ ಯಾರೂ ಹೇಳಲಿಲ್ಲವೇ ಎಂದು ಕೇಳಿದ.

ನನಗೆ ಆಗ ನೆನಪಾಯಿತು. ಒಳಗೆ ಹೋಗಿ ವೆಂಕಟರಮಣಸ್ವಾಮಿಯ ಒಂದು ತುದಿ ಎತ್ತಿದೆ. ಮಿಸ್ಟರ್ ಹಾರ್ಪರ್ ಹೆಂಡತಿಗೆಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು: ಭಾರದ ಸಾಮಾನೆಲ್ಲ ಈ ಕಪಾಟಿನಲ್ಲಿ. ಹಿಂದೆ ಇಟ್ಟರೆ ನಾವು ಸಾಯುತ್ತೇವೆ, ಡೊರೋತಿ.

ಉಪಾಯವೇನೂ ಇರಲಿಲ್ಲವೆಂದಲ್ಲ. ನೀರು ಚೆಲ್ಲಬಹುದಿತ್ತು, ಬೇಳೆ ಇಳಿಸಬಹುದಿತ್ತು, ದೇವರನ್ನು ಮಡಿಲಲ್ಲಿ ಇಟ್ಟುಕೊಳ್ಳಬಹುದಿತ್ತು. ನಾನು ಪೆನ್ಸಿಲು ತೆಗೆದು, ಇದು ಇಷ್ಟು, ಅದು ಅಷ್ಟು ಎಂದು ಕೂಡಿಸತೊಡಗಿದೆ. ಕಲ್ಲು ಬರೀ ಅರವತ್ತೆರಡು ಪೌಂಡು, ಅದು ಬರಲಿ, ಮುಂದಿಡೋಣ ಎಂದೆ. ವತ್ಸಲಾ ಕಾರಿನಿಂದ ಇಳಿದಿರಲಿಲ್ಲ. ಕಿಟಕಿಯಿಂದಲೇ, ಕೋಪವಿಲ್ಲದೆ ಮಾತಾಡಿದಳು.

"ಲೆಕ್ಕ ಬಿಡು ಅಣ್ಣ. ಅಮ್ಮ ಹನ್ನೊಂದು ದಿನ ಮಲಗಿದ್ದಾಗ ಹೋಗ್ಲಿಲ್ಲ ನಾನು. ಈಗ ಮರ ನೋಡೋಕೆ ಹೊರಟಿದೀನಿ."

ಶ್ರೀಕಂಠ ಟ್ರೇಲರಿನ ಮೂತಿ ಹಿಡಿದುಕೊಂಡೇ ನಿಂತಿದ್ದ.

"ಗ್ರೀನ್ ಕಾರ್ಡ್ ಪೇಪರ್ಸ್ ಬಂದಿರ್ಲಿಲ್ಲ ವತ್ಸಲಾ," ಎಂದ. "ಹೋಗಿದ್ರೆ ವಾಪಸ್ ಬರೋಕೆ ಬಿಡ್ತಿರ್ಲಿಲ್ಲ. ನಾನೇ ಬೇಡ ಅಂದೆ. ನೀನಲ್ಲ."

"ನೀವು ಬೇಡ ಅಂದ್ರಿ. ನಾನು ಹೂಂ ಅಂದೆ. ಆ ಹೂಂ ನಂದೇ ಅಲ್ವಾ."

ನಾನು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡೆ. ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಬಾ ಎಂದು ಟೆಲಿಗ್ರಾಮು ಕಳಿಸಿದವನು ನಾನು. ಅಮ್ಮ ಹನ್ನೊಂದು ದಿನವೂ ಬಾಗಿಲ ಕಡೆ ನೋಡುತ್ತಿದ್ದಳು ಎಂದು ಆಮೇಲೆ ಕಾಗದದಲ್ಲಿ ಬರೆದವನೂ ನಾನೇ. ಸತ್ಯವನ್ನು ಒಂದು ಗುಲಗಂಜಿಯೂ ಕಡಿಮೆಯಾಗದಂತೆ ತೂಗಿ ಕಳಿಸುವುದು ನನ್ನ ಕೆಟ್ಟ ಅಭ್ಯಾಸ. ಊಟ ಒಗ್ಗುವುದಿಲ್ಲ ಎಂಬ ಒಂದು ನೆವಕ್ಕೆ ನಾವಿಬ್ಬರು ಬುದ್ಧಿವಂತರು ಒಲೆ, ತೊಟ್ಟಿ, ಚಕ್ರ ಸಮೇತ ಪರಿಹಾರ ಕೊಂಡು ತಂದಿದ್ದೆವು.

ನೀರನ್ನೆಲ್ಲ ಗೋದಾಮಿನ ಚರಂಡಿಗೆ ಚೆಲ್ಲಿ, ಅಕ್ಕಿ ಬೇಳೆಯನ್ನು ಕಾರಿನೊಳಗೆ ಕಾಲಡಿ ತುಂಬಿಕೊಂಡು, ಕಲ್ಲನ್ನು ದೇವರ ಪಕ್ಕದಲ್ಲಿ ಕೂರಿಸಿ, ಒಳಬೀದಿಗಳಲ್ಲೇ ಇಪ್ಪತ್ತು ಮೈಲಿಯ ವೇಗದಲ್ಲಿ ಮನೆಗೆ ಬಂದೆವು. ಕಲ್ಲು ದೇವರ ಪಕ್ಕದಲ್ಲೇ ಇರಲಿ ಎಂದಳು ವತ್ಸಲಾ.

ಬೀದಿ ಸುತ್ತು

ಅವರ ಮನೆಯ ಮುಂದಿನ ಜಾಗ ಚಿಕ್ಕದು. ಟ್ರೇಲರು ಬೀದಿಯ ಪಕ್ಕದಲ್ಲೇ ನಿಂತಿತು. ಮೂರನೆಯ ದಿನ ಒಬ್ಬ ಪೊಲೀಸಿನವನು ಬಂದು ಅದರ ಚಕ್ರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ವಿನಯದಿಂದ ಒಂದು ಚೀಟಿ ಕೊಟ್ಟ. ಬೀದಿಯಲ್ಲಿ ನಿಲ್ಲಿಸಿದ ವಾಹನ ಮೂರು ದಿನಕ್ಕೊಮ್ಮೆ ಕದಲಬೇಕು. ಅದು ಅಲ್ಲಿಯ ನಿಯಮ. ಮನುಷ್ಯರ ವಿಷಯದಲ್ಲಿ ಅಂಥ ನಿಯಮವಿಲ್ಲ.

ಹೀಗೆ ನಮ್ಮ ನಿಜವಾದ ಪ್ರವಾಸ ಆರಂಭವಾಯಿತು. ಮೂರು ದಿನಕ್ಕೊಮ್ಮೆ ಶ್ರೀಕಂಠ ಆಫೀಸಿಗೆ ಹೊರಡುವ ಮೊದಲು ಟ್ರೇಲರನ್ನು ಕಾರಿಗೆ ಕಟ್ಟಿ, ನಾಲ್ಕು ಬೀದಿ ಸುತ್ತಿಸಿ, ಅದೇ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದ. ದೇವರು ಇನ್ನೂ ಅದರೊಳಗೇ ಇದ್ದ. ಒಳಗೆ ತರುತ್ತೀಯಾ ಎಂದರೆ ವತ್ಸಲಾ ತರುತ್ತೇನೆ ಎನ್ನುತ್ತಿದ್ದಳು, ತರುತ್ತಿರಲಿಲ್ಲ. ಬೆಳಿಗ್ಗೆ ಅಲ್ಲೇ ಹೋಗಿ ದೀಪ ಹಚ್ಚಿ, ಕಲ್ಲಿನ ಮುಂದೆ ಕುಳಿತು ಹಿಟ್ಟು ರುಬ್ಬುತ್ತಿದ್ದಳು. ದೇವರೊಬ್ಬನನ್ನೇ ಬೀದಿ ಸುತ್ತಿಸುವುದು ಸರಿಯಲ್ಲವೆಂದು ಅವಳೂ ಕಾರಿನಲ್ಲಿ ಕೂರತೊಡಗಿದಳು. ನಾನು ಹಿಂದಿನ ಸೀಟು.

ಅಲ್ಲಿ ವಾಹನಗಳು ಬಲಗಡೆ ಓಡುವುದರಿಂದ ಸುತ್ತು ತಾನಾಗಿಯೇ ಪ್ರದಕ್ಷಿಣೆಯಾಗುತ್ತಿತ್ತು. ನಾಲ್ಕನೆಯ ಮೂಲೆಯಲ್ಲಿ ಒಂದು ಸಿಗ್ನಲ್ಲು. ಬಲಕ್ಕೆ ತಿರುಗಿದರೆ ಮನೆ, ನೇರ ಹೋದರೆ ಫ್ರೀವೇ. ಶ್ರೀಕಂಠ ಅಲ್ಲಿ ಹಸಿರು ದೀಪವಿದ್ದರೂ ಒಂದು ಕ್ಷಣ ನಿಲ್ಲಿಸಿ ಹೆಂಡತಿಯ ಕಡೆ ನೋಡುತ್ತಿದ್ದ. ಅವಳು ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದಳು. ಅವನು ಬಲಕ್ಕೆ ತಿರುಗಿಸುತ್ತಿದ್ದ. ಆರು ವಾರದಲ್ಲಿ ಹದಿನಾಲ್ಕು ಸಲ.

ನಾನು ಹೊರಡುವ ದಿನವೂ ಕದಲಿಸುವ ದಿನವೇ ಆಗಿತ್ತು. ನನ್ನ ಎರಡು ಸೂಟ್‌ಕೇಸುಗಳು ಬಾಗಿಲಲ್ಲಿ ನಿಂತಿದ್ದವು. ಒಂದು ಪೂರ್ತಿ ಖಾಲಿ. ಸುತ್ತು ಮುಗಿಸಿ ಬಂದು, ಟ್ರೇಲರನ್ನು ಬಿಡಿಸಿ, ನಾನೂ ಶ್ರೀಕಂಠನೂ ವಿಮಾನ ನಿಲ್ದಾಣಕ್ಕೆ ಹೊರಡಬೇಕು. ವತ್ಸಲಾ ಅಲ್ಲಿಗೆ ಬರುವುದಿಲ್ಲವೆಂದು ಹೇಳಿಯಾಗಿತ್ತು.

ನಾಲ್ಕನೆಯ ಮೂಲೆ ಬಂತು. ಶ್ರೀಕಂಠ ನಿಧಾನಿಸಿದ. ಬಲಕ್ಕೆ ತಿರುಗಿಸಿದ. ಮನೆ ಕಾಣಿಸಿತು.

"ಇನ್ನೊಂದು ಸುತ್ತು ಹಾಕಿ," ಎಂದಳು ವತ್ಸಲಾ.

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಗಡಿಯಾರ ನೋಡಲಿಲ್ಲ. ಮನೆ ದಾಟಿ ಹೋದೆವು. ಎರಡನೆಯ ಸುತ್ತಿನ ಕೊನೆಗೂ ಅವಳು ಅದನ್ನೇ ಹೇಳಿದಳು. ಮೂರನೆಯದಕ್ಕೆ, ಹುಲ್ಲು ಕತ್ತರಿಸುತ್ತಿದ್ದ ಎದುರುಮನೆಯವನು ಕೈಬೀಸುವುದನ್ನು ಬಿಟ್ಟು, ಯಂತ್ರ ನಿಲ್ಲಿಸಿ ನೋಡಿದ. ನಾಲ್ಕನೆಯದಕ್ಕೆ ಶ್ರೀಕಂಠ ಕೇಳದೆಯೇ ಮುಂದೆ ಹೋದ. ಹಿಂದೆ ಕಲ್ಲು, ಗುಂಡು, ದೇವರು ಎಲ್ಲ ಒಂದೇ ಕಪಾಟಿನಲ್ಲಿ, ಅಲುಗಾಡದೆ ಬರುತ್ತಿದ್ದರು. ಭಾರ ಇರಬೇಕಾದಲ್ಲಿ ಇತ್ತು.

ಐದನೆಯ ಸುತ್ತಿನಲ್ಲಿ, ಸಿಗ್ನಲ್ಲಿನ ಬಳಿ, ವತ್ಸಲಾ ತನ್ನ ಕಡೆಯ ಗಾಜು ಇಳಿಸಿದಳು. ತಲೆಯೆತ್ತಿ ಫ್ರೀವೇಯ ಕಡೆ ನೋಡಿದಳು. ಶ್ರೀಕಂಠ ಕಾಯುತ್ತ ನಿಂತ. ದೀಪ ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು. ಹಿಂದಿನ ಕಾರಿನವನು ಹಾರನ್ನು ಒತ್ತಲಿಲ್ಲ, ಸುತ್ತಿಬಳಸಿ ಮುಂದೆ ಹೋದ.

"ತಿರುಗ್ಸಿ," ಎಂದಳು. "ಅಣ್ಣನಿಗೆ ಹೊತ್ತಾಗುತ್ತೆ."

ಆರನೆಯ ಸುತ್ತನ್ನು ಅವಳು ಕೇಳಲಿಲ್ಲ.